ರಿಬ್ಬನ್ನಿನ ಎರಡು ತುದಿ

ತೂಕದಣ್ಣನ ಮಟ್ಟಿಗೆ ಜಗತ್ತಿನಲ್ಲಿ ಇದ್ದದ್ದು ಎರಡೇ ಬಗೆಯ ವಸ್ತುಗಳು. ತೂಕ ಮಾಡಿ ಆದದ್ದು ಒಂದು, ಇನ್ನೂ ತೂಕ ಮಾಡಬೇಕಾದದ್ದು ಇನ್ನೊಂದು. ಸಿಮೆಂಟು, ಮರಳು, ಕಬ್ಬಿಣ ಮಾರುವ ಆ ದೊಡ್ಡ ಯಾರ್ಡಿನ ಬಾಗಿಲಲ್ಲಿ ಅವನಿಗೊಂದು ಗಾಜಿನ ಗೂಡಿತ್ತು. ಗೂಡಿನ ಮುಂದೆ ನೆಲಕ್ಕೆ ಸಮನಾಗಿ ಹಾಸಿದ ಕಬ್ಬಿಣದ ಹಲಗೆ. ಲಾರಿ ಬಂದು ಆ ಹಲಗೆಯ ಮೇಲೆ ನಿಲ್ಲಬೇಕು, ಗೂಡಿನೊಳಗೆ ಕೆಂಪು ಅಂಕಿ ಹೊತ್ತಿಕೊಳ್ಳಬೇಕು, ತೂಕದಣ್ಣ ಕನ್ನಡಕ ಸರಿಮಾಡಿಕೊಂಡು ಅಂಕಿಯನ್ನು ನೋಡಿ ಠಸ್ಸೆ ಒತ್ತಬೇಕು, ಆಮೇಲೆ ಗೇಟು ಎದ್ದೇಳಬೇಕು. ಅವನು ಠಸ್ಸೆ ಒತ್ತದೆ ಆ ಯಾರ್ಡಿನಿಂದ ಒಂದು ಮೊಳೆಯೂ ಹೊರಗೆ ಹೋದದ್ದಿಲ್ಲ. ಹೀಗಾಗಿ ಅವನಿಗೆ ತನ್ನ ಮೇಲೆ ತುಸು ಹೆಚ್ಚೇ ಗೌರವವಿತ್ತು.

ದಿನಾ ಬೆಳಿಗ್ಗೆ ಲಾರಿಗಳು ಬರುವ ಮೊದಲು ತಾನೇ ಹಲಗೆಯ ಮೇಲೆ ನಿಂತು, ಕತ್ತು ಉದ್ದ ಮಾಡಿ ಗಾಜಿನೊಳಗಿನ ಅಂಕಿ ನೋಡುವುದು ಅವನ ಪದ್ಧತಿ. ಮದುವೆಯಾದ ವರ್ಷ ಎಷ್ಟಿತ್ತೋ ಇವತ್ತಿಗೂ ಅಷ್ಟೇ. ಇದನ್ನು ಅವನು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ. ಆ ಹಲಗೆ ಲಾರಿಗಳಿಗೆಂದು ಹುಟ್ಟಿದ್ದು. ಮನುಷ್ಯರ ಸಣ್ಣಪುಟ್ಟ ಏರಿಳಿತವನ್ನು ಅದು ಕ್ಯಾರೇ ಅನ್ನುವುದಿಲ್ಲ, ಒಂದು ಕುರಿಮರಿಯ ತೂಕ ಹೆಚ್ಚಾದರೆ ಮಾತ್ರ ಅದರ ಅಂಕಿ ಕದಲುತ್ತದೆ ಎಂಬುದು ಅವನಿಗೆ ಗೊತ್ತಿಲ್ಲದ ವಿಷಯವಲ್ಲ. ಆದರೆ ಗೊತ್ತಿರುವ ಎಲ್ಲವನ್ನೂ ಮನುಷ್ಯ ಬೆಳಿಗ್ಗೆ ಬೆಳಿಗ್ಗೆ ನೆನಪು ಮಾಡಿಕೊಳ್ಳಬೇಕೆಂದು ಎಲ್ಲೂ ಬರೆದಿಲ್ಲವಲ್ಲ.

ನೋಡುವವರಿಗೆ ಅವನು ತೆಳ್ಳಗೇ ಕಾಣುತ್ತಿದ್ದ. ಕೈ ಸಣ್ಣ, ಕಾಲು ಅದಕ್ಕಿಂತ ಸಣ್ಣ, ಕತ್ತಿನ ಎಲುಬು ಎಣಿಸಬಹುದು. ನಡುವೆ ಮಾತ್ರ ಒಂದು ಹೊಟ್ಟೆ. ಅದು ಆ ದೇಹದ್ದಲ್ಲವೇನೋ, ಯಾರೋ ಊರಿಗೆ ಹೋಗುವಾಗ ಸ್ವಲ್ಪ ಹೊತ್ತು ನೋಡ್ಕೊಳ್ಳಿ ಎಂದು ಕೊಟ್ಟು ಹೋಗಿ ಮರೆತುಬಿಟ್ಟದ್ದೇನೋ ಅನ್ನುವ ಹಾಗೆ ಕೂತಿತ್ತು. ಅದಕ್ಕೆಂದೇ ತೂಕದಣ್ಣ ಅಂಗಿಗಳನ್ನು ಎರಡು ಅಳತೆ ದೊಡ್ಡದು ಕೊಳ್ಳುತ್ತಿದ್ದ. ಗಾಳಿ ಆಡಲಿ ಅಂತ ಎಂಬುದು ಅವನು ಕೊಡುವ ಕಾರಣ.

ಅವನ ಹೆಂಡತಿಯದು ಇನ್ನೊಂದು ಲೆಕ್ಕ. ಸೊಂಟದ ಕೆಳಗೆ ಅವಳು ಧಾರಾಳವಾಗಿ ಹರಡಿಕೊಂಡಿದ್ದಳು. ಬಸ್ಸಿನ ಸೀಟಿನಲ್ಲಿ ಅವಳು ಕೂತರೆ ಪಕ್ಕದವರು ಕಿಟಕಿಯ ಹೊರಗೆ ನೋಡುತ್ತಾ ಸರಿದುಕೊಳ್ಳಬೇಕು. ತೂಕದಣ್ಣ ಊಟಕ್ಕೆ ಕೂತಾಗಲೆಲ್ಲ ಅವಳ ತಟ್ಟೆ ನೋಡಿ ಉಪದೇಶ ಶುರು ಮಾಡುತ್ತಿದ್ದ. ನಿಯಮ ಮೀರಿದ ಲೋಡು, ಗೇಟು ದಾಟಲ್ಲ, ಎಂದು ನಗುತ್ತಿದ್ದ. ಅವಳು ಇನ್ನೊಂದು ಚಮಚ ಹಾಕಿಕೊಳ್ಳುತ್ತಿದ್ದಳು. ಅವಳ ತಲೆಯಲ್ಲಿ ಆಗ ಬೇರೆಯೇ ಓಡುತ್ತಿತ್ತು. ಮಕ್ಕಳು ದೊಡ್ಡವರಾಗಿ ಮನೆ ಖಾಲಿಯಾದ ಮೇಲೆ ಅವಳು ಹಟ ಹಿಡಿದು ವ್ಯಾನು ಓಡಿಸುವುದನ್ನು ಕಲಿತಿದ್ದಳು. ಯಾರ್ಡಿನವರದ್ದೇ ಒಂದು ಶಾಲೆ ಇತ್ತು, ಶಾಲೆಗೊಂದು ಹಳದಿ ವ್ಯಾನು. ಹಳೆಯ ಡ್ರೈವರು ಕೆಲಸ ಬಿಟ್ಟಿದ್ದ. ಸೋಮವಾರ ಶಾಲೆ ತೆರೆಯುವ ದಿನದಿಂದ ಆ ವ್ಯಾನು ಅವಳದು ಎಂದು ಶಾಲೆಯ ಹೆಡ್ ಮೇಡಂ ಮಾತು ಕೊಟ್ಟಿದ್ದರು. ಡಾಕ್ಟರ ಸಹಿ ಒಂದು ಬಾಕಿ ಇತ್ತು. ಅವಳಾಗಲೇ ವ್ಯಾನಿನ ಸೀಟಿಗೆ ಒಂದು ದಿಂಬು ಹೊಲಿದಿಟ್ಟಿದ್ದಳು. ದಿನಕ್ಕೆರಡು ಸಲ ಅದನ್ನು ಕುರ್ಚಿಯ ಮೇಲಿಟ್ಟು ಕೂತು ನೋಡುತ್ತಿದ್ದಳು.

ಆ ಸಹಿಗೆಂದೇ, ಯಾರ್ಡಿನವರ ಆರೋಗ್ಯ ತಪಾಸಣೆಯ ದಿನ ಅವಳೂ ಗಂಡನ ಜೊತೆ ಬಂದಳು.

ತಪಾಸಣೆ ನಡೆದದ್ದು ಗೋಣಿಚೀಲದ ಕೋಣೆಯಲ್ಲಿ. ನರ್ಸಮ್ಮ ಗಟ್ಟಿ ಆಸಾಮಿ. ಟೇಪು ತಂದಿರಲಿಲ್ಲ. ಯಾರ್ಡಿನಲ್ಲಿ ಪೈಪಿನ ಕಟ್ಟು ಬಿಗಿಯುವ ನೀಲಿ ಪ್ಲಾಸ್ಟಿಕ್ ರಿಬ್ಬನ್ನಿನ ಉರುಳೆ ಕೇಳಿ ಪಡೆದು ಮೇಜಿನ ಮೇಲಿಟ್ಟುಕೊಂಡಿದ್ದಳು. ಬಂದವನನ್ನು ಗೋಡೆಗೆ ನಿಲ್ಲಿಸುವುದು, ತಲೆಯಿಂದ ಹಿಮ್ಮಡಿಯವರೆಗೆ ರಿಬ್ಬನ್ನು ಎಳೆದು ಕತ್ತರಿಸುವುದು, ಅದನ್ನು ಸರಿಯಾಗಿ ಅರ್ಧಕ್ಕೆ ಮಡಚುವುದು, ಮಡಚಿದ್ದನ್ನು ಹೊಕ್ಕುಳ ಮಟ್ಟದಲ್ಲಿ ಸುತ್ತುವುದು. ಎರಡು ತುದಿ ಕೂಡಿದರೆ ಪಾಸು. ಕೂಡದಿದ್ದರೆ ಹೊಟ್ಟೆ ತನ್ನ ಪಾಲಿಗಿಂತ ಹೆಚ್ಚು ಜಾಗ ಹಿಡಿದಿದೆ ಎಂದು ಅರ್ಥ. ಎತ್ತರದ ಅರ್ಧದಷ್ಟೇ ಸುತ್ತಳತೆ, ಅದಕ್ಕಿಂತ ಜಾಸ್ತಿ ಬೇಡ, ಎಂದು ಪ್ರತಿಯೊಬ್ಬನಿಗೂ ಅದೇ ಸ್ವರದಲ್ಲಿ ಹೇಳುತ್ತಿದ್ದಳು.

ಬೆಳಗಿನಿಂದ ಒಬ್ಬನದೂ ಕೂಡಿರಲಿಲ್ಲ. ಲೋಡು ಇಳಿಸುವವರ ಮೇಸ್ತ್ರಿಗೆ ಒಂದು ಗೇಣು ಕಮ್ಮಿ ಬಿತ್ತು. ಅಂಗಡಿ ಗುಮಾಸ್ತನಿಗೆ ಎಷ್ಟು ಕಮ್ಮಿ ಬಿತ್ತೆಂದರೆ ನರ್ಸಮ್ಮ ಇನ್ನೊಂದು ತುಂಡು ಗಂಟು ಹಾಕಲೇ ಎಂದು ಕೇಳಿದಳು. ಬಾಗಿಲಲ್ಲಿ ನಿಂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅದೇ ಹೊಟ್ಟೆಗಳೇ ಆಮೇಲೆ ಒಳಗೆ ಹೋಗಬೇಕಾಗಿತ್ತು. ಮ್ಯಾನೇಜರು ಮಾತ್ರ ನಗಲಿಲ್ಲ. ಯಾರ್ಡಿನಲ್ಲಿ ಒಬ್ಬ ಆರೋಗ್ಯವಂತನಾದರೂ ಸಿಕ್ಕದಿದ್ದರೆ ಮೇಲಿನವರಿಗೆ ಏನು ಹೇಳುವುದು ಎಂಬ ಚಿಂತೆಯಲ್ಲಿ ಅವರು ಬಾಗಿಲಿಗೂ ಮೇಜಿಗೂ ನಡುವೆ ಓಡಾಡುತ್ತಿದ್ದರು.

ತೂಕದಣ್ಣನ ಸರದಿ ಬಂತು. ಎಲ್ಲರೂ ನೋಡುತ್ತಿದ್ದರು, ಹೆಂಡತಿಯೂ ನೋಡುತ್ತಿದ್ದಳು. ರಿಬ್ಬನ್ನು ಮೈಗೆ ತಾಕಿದ ಕೂಡಲೇ ಅವನು ಉಸಿರನ್ನು ಎಳೆದ. ಎಳೆದ ಅಂದರೆ ಸುಮ್ಮನೆ ಎಳೆದದ್ದಲ್ಲ, ಹೊಟ್ಟೆಯನ್ನು ಬೆನ್ನಿನ ಹತ್ತಿರ ಕಳಿಸಿ, ಅಲ್ಲಿಂದ ಎದೆಗೆ ಏರಿಸಿ, ಎದೆಯಲ್ಲಿ ಬೀಗ ಹಾಕಿಬಿಟ್ಟ.

ನರ್ಸಮ್ಮ ಹೇಳಿದಳು, “ಉಸಿರು ಬಿಡಿ.”

“ಬಿಟ್ಟಾಗಿದೆ,” ಅಂದ ತೂಕದಣ್ಣ. ಆ ಒಂದು ಮಾತಿಗೆ ಬೇಕಾದಷ್ಟೇ ಗಾಳಿ ಹೊರಗೆ ಬಂತು.

ಸರದಿಯಲ್ಲಿ ಇನ್ನೂ ಅರ್ಧ ಯಾರ್ಡು ನಿಂತಿತ್ತು. ನರ್ಸಮ್ಮ ಅವನ ಮುಖ ನೋಡಿದಳು, ರಿಬ್ಬನ್ನು ನೋಡಿದಳು. ಎರಡು ತುದಿಗಳು ಒಂದಕ್ಕೊಂದು ಮುತ್ತಿಟ್ಟಿದ್ದವು. ಕೂಡಿತು, ಎಂದು ಬರೆದುಕೊಂಡಳು. ಮ್ಯಾನೇಜರು ಓಡಿಬಂದು ಅವನ ಕೈ ಕುಲುಕಿದರು. ಶನಿವಾರದ ಸುರಕ್ಷತಾ ದಿನದಂದು ಎಲ್ಲರ ಮುಂದೆ ಅವನೇ ಮಾತಾಡಬೇಕು, ಅವನ ಚಿತ್ರವನ್ನೇ ಗೋಡೆಗೆ ಹಾಕಬೇಕು ಎಂದು ಅಲ್ಲೇ ತೀರ್ಮಾನವಾಯಿತು. ಪರದೆಯ ಹಿಂದೆ ಹೆಂಡತಿಗೂ ರಿಬ್ಬನ್ನು ಸುತ್ತಿದರು. ಅವಳದೂ ಕೂಡಿತು. ಅವಳ ಭಾರವೆಲ್ಲ ರಿಬ್ಬನ್ನಿನ ಕೆಳಗಡೆ ಇತ್ತು. ಅವಳಿಗೆ ಯಾರೂ ಕೈ ಕುಲುಕಲಿಲ್ಲ. ಆಮೇಲೆ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ರಕ್ತ ಕೊಟ್ಟರು.

ಅಲ್ಲಿಂದ ಶುರುವಾಯಿತು ಅವನ ಫಜೀತಿ. ಗೂಡಿಗೆ ಬಂದು ಇನ್ನೇನು ಉಸಿರು ಬಿಡಬೇಕು, ಗಾಜಿನ ಆಚೆ ಮೂವರು ನಿಂತು ಅವನನ್ನೇ ನೋಡುತ್ತಿದ್ದಾರೆ. ಯಾರ್ಡಿನ ಏಕೈಕ ಆರೋಗ್ಯವಂತ ಹೇಗೆ ಕೂರುತ್ತಾನೆ, ಹೇಗೆ ನೀರು ಕುಡಿಯುತ್ತಾನೆ ಎಂದು ನೋಡಲು ಬಂದವರು. ಬೀಗ ತೆಗೆಯುವ ಹಾಗಿಲ್ಲ. ಅವತ್ತಿನಿಂದ ಅವನು ಉಸಿರನ್ನು ಕಂತಿನಲ್ಲಿ ಬಿಡತೊಡಗಿದ. ಉದ್ದ ಮಾತಿಗೆ ಗಾಳಿ ಸಾಲದಾಗಿ ಮಾತು ಗಿಡ್ಡವಾಯಿತು. ಮೊದಲು ಲಾರಿ ಡ್ರೈವರುಗಳಿಗೆ ಅರ್ಧ ಗಂಟೆ ಬುದ್ಧಿ ಹೇಳುತ್ತಿದ್ದವನು ಈಗ ‘ಹೂಂ’, ‘ಹೋಗಿ’, ‘ಆಯ್ತು’ ಅನ್ನುತ್ತಿದ್ದ. ಜನ ಇದನ್ನು ಗಾಂಭೀರ್ಯ ಎಂದುಕೊಂಡರು. ಅಂಗಡಿ ಗುಮಾಸ್ತ ಅವನ ಹಿಂದೆಯೇ ಅವನ ಹಾಗೆ ಬೆನ್ನು ಸೆಟೆಸಿ ನಡೆಯಲು ಹೋಗಿ ಪೈಪಿನ ರಾಶಿಗೆ ಎಡವಿದ. ಚಿತ್ರ ತೆಗೆಯುವವನು ಬಂದು ಲಾರಿ ಚಕ್ರದ ಪಕ್ಕ ನಿಲ್ಲಿಸಿ, ಸ್ವಲ್ಪ ನಗಿ ಎಂದು ಎಷ್ಟು ಕೇಳಿದರೂ ತೂಕದಣ್ಣ ನಗಲಿಲ್ಲ. ನಕ್ಕರೆ ಎಲ್ಲ ಹೊರಗೆ ಬರುತ್ತಿತ್ತು.

ಮೂರನೆಯ ದಿನ ಡಾಕ್ಟರು ಗಂಡ ಹೆಂಡತಿ ಇಬ್ಬರನ್ನೂ ಕರೆಸಿದರು.

ಡಾಕ್ಟರು ಹುಡುಗ. ಹೊಸದಾಗಿ ಕೆಲಸಕ್ಕೆ ಸೇರಿದ್ದ. ಹೇಳಬೇಕಾದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಡುವ ಅವಸರ. ಅಮ್ಮನವರ ರಕ್ತ ಚೆನ್ನಾಗಿದೆ, ಎಂದು ಒಂದೇ ಮಾತಿನಲ್ಲಿ ಹೆಂಡತಿಯ ವಿಷಯ ಮುಗಿಸಿ ಗಂಡನ ಕಡೆ ತಿರುಗಿದ. ನಿಮ್ಮ ರಕ್ತದಲ್ಲಿ ಕೊಬ್ಬು ಜಾಸ್ತಿ ಓಡಾಡುತ್ತಿದೆ, ಒಳ್ಳೆಯ ಕೊಲೆಸ್ಟ್ರಾಲ್ ಕಮ್ಮಿ, ಸಕ್ಕರೆ ಗಡಿಯ ಮೇಲೆ ನಿಂತಿದೆ, ಇದೆಲ್ಲ ಹೃದಯಕ್ಕೆ ಒಳ್ಳೆಯ ಸುದ್ದಿಯಲ್ಲ, ಎಂದ. ಸಾಮಾನ್ಯವಾಗಿ ಹೊಟ್ಟೆ ಇರುವವರಲ್ಲೇ ಇದೆಲ್ಲ ಒಟ್ಟಿಗೆ ಕಾಣಿಸುವುದು, ಎಂದು ಸೇರಿಸಿದ.

“ತೊಡೆಯಲ್ಲಿರೋ ಕೊಬ್ಬು ಒಳ್ಳೇ ಬಾಡಿಗೆದಾರನ ಥರ. ಕೂತಲ್ಲಿ ಕೂತಿರತ್ತೆ, ಅಷ್ಟಾಗಿ ತಂಟೆ ಮಾಡಲ್ಲ. ಹೊಟ್ಟೆ ಒಳಗೆ, ಕರುಳು ಲಿವರಿನ ಸುತ್ತ ಕೂರತ್ತಲ್ಲ, ಅದು ಸುಮ್ನೆ ಕೂರೋ ಜಾತಿ ಅಲ್ಲ. ಹೊತ್ತು ಗೊತ್ತಿಲ್ಲದೆ ರಕ್ತಕ್ಕೆ ಏನಾದ್ರೂ ಕಳಿಸ್ತಾನೇ ಇರತ್ತೆ.”

ತೂಕದಣ್ಣನಿಗೆ ತಂಟೆಕೋರ ಬಾಡಿಗೆದಾರ ತನ್ನ ಮನೆಯಲ್ಲೇ ಇದ್ದಾನೆ ಎಂಬ ಮಾತು ಒಂದಿಷ್ಟೂ ಹಿಡಿಸಲಿಲ್ಲ. ಅವನು ಕುರ್ಚಿಯಲ್ಲಿ ನೆಟ್ಟಗೆ ಕೂತು, ಇದ್ದ ಗಾಳಿಯನ್ನೆಲ್ಲ ಮಾತಿಗೆ ಹಾಕಿದ. ಮದುವೆಯ ವರ್ಷದ ತೂಕವೇ ಇವತ್ತಿಗೂ ಇದೆ ಎಂದ. ರಿಬ್ಬನ್ನು ಕೂಡಿದೆ, ಬೇಕಾದರೆ ನರ್ಸಮ್ಮನನ್ನು ಕೇಳಿ ಎಂದ. ಯಾರ್ಡಿನ ಗೋಡೆಗೆ ಬರಲಿರುವ ಚಿತ್ರ ಯಾರದು ಎಂದು ವಿಚಾರಿಸಿ ಎಂದ. ಹೇಳುತ್ತಾ ಹೇಳುತ್ತಾ ಅವನಿಗೇ ನಂಬಿಕೆ ಹೆಚ್ಚಾಯಿತು. ಉಸಿರು ಹಿಡಿದದ್ದು ಅವನ ನೆನಪಿನಿಂದ ಎಷ್ಟು ಸಲೀಸಾಗಿ ಜಾರಿಹೋಗಿತ್ತೆಂದರೆ, ಆ ಕ್ಷಣ ಕೇಳಿದ್ದರೆ ಅವನು ಆಣೆ ಮಾಡಿ ಇಲ್ಲವೆನ್ನುತ್ತಿದ್ದ.

ಕೊನೆಗೆ ಅವನಿಗೆ ಒಂದು ಬೆಳಕು ಹೊಳೆಯಿತು. “ಡಾಕ್ಟ್ರೇ, ಇಬ್ರೂ ಒಂದೇ ಬೆಂಚಲ್ಲಿ ಕೂತಿದ್ವಿ. ಟ್ಯೂಬು ಬದಲಾಗಿದೆ.”

ಡಾಕ್ಟರು ಹುಡುಗ ತಡವರಿಸಿದ. ನರ್ಸಮ್ಮನನ್ನು ಕೇಳಿದ. ರಿಬ್ಬನ್ನು ಕೂಡಿದ್ದು ನಿಜ, ಟ್ಯೂಬು ಬದಲಾಗಿರಲಿಕ್ಕಿಲ್ಲ ಎಂದಳು ಅವಳು. ಹುಡುಗ ತೂಕದಣ್ಣನ ಕಡ್ಡಿ ಕೈಗಳನ್ನು ನೋಡಿದ, ಕುರ್ಚಿಯ ಎರಡೂ ಬದಿಗೆ ತುಂಬಿ ಕೂತಿದ್ದ ಹೆಂಡತಿಯನ್ನು ನೋಡಿದ. ಬಾಡಿಗೆದಾರನ ಕಥೆ ಹೇಳಿ ಇನ್ನೂ ಬಾಯಿ ಒಣಗಿರಲಿಲ್ಲ, ಆದರೂ ಕಣ್ಣಿಗೆ ಕಂಡದ್ದು ಗೆದ್ದಿತು. ಹಾಗಿದ್ದರೆ ಇಬ್ಬರದೂ ಮತ್ತೆ ರಕ್ತ ತೆಗೆಯೋಣ, ವರದಿ ಮುಂದಿನ ವಾರ ಬರುತ್ತದೆ, ಎಂದ. ಅಲ್ಲಿಯವರೆಗೆ ಅಮ್ಮನವರ ಕಾಗದಕ್ಕೆ ಸಹಿ ಆಗುವುದಿಲ್ಲ. ಹೃದಯದ ಅನುಮಾನ ಇರುವವರ ಕೈಗೆ ಮಕ್ಕಳ ವ್ಯಾನು ಕೊಡಿ ಎಂದು ತಾನು ಬರೆದುಕೊಡಲಾರೆ ಎಂದ.

ಹೆಂಡತಿ ಡಾಕ್ಟರನ್ನು ನೋಡಲಿಲ್ಲ. ಗಂಡನನ್ನು ನೋಡಿದಳು. ಲಾರಿ ಹಲಗೆಯ ಮೇಲೆ ನಿಂತಾಗ ಅವನು ಅಂಕಿಯನ್ನು ನೋಡುವ ಹಾಗೆ ನೋಡಿದಳು.

ಹೆಡ್ ಮೇಡಂ ಕೆಟ್ಟವರಲ್ಲ. ಆದರೆ ಶಾಲೆ ಸೋಮವಾರ ತೆರೆಯಬೇಕು, ಮಕ್ಕಳು ಬರಬೇಕು. ಶನಿವಾರ ಸುರಕ್ಷತಾ ದಿನಕ್ಕೆ ತಾನೂ ಬರುತ್ತೇನೆ, ಅಷ್ಟರಲ್ಲಿ ಸಹಿ ಆದರೆ ಕೀಲಿ ನಿಮ್ಮದು, ಇಲ್ಲದಿದ್ದರೆ ಇನ್ನೊಬ್ಬ ಡ್ರೈವರು ಕಾಯುತ್ತಿದ್ದಾನೆ, ಅಲ್ಲೇ ಅವನ ಕೈಗೆ ಕೊಡುತ್ತೇನೆ ಎಂದು ಹೇಳಿ ಕಳಿಸಿದರು.

ಇತ್ತ ತೂಕದಣ್ಣನಿಗೆ ನಿಜವಾಗಿಯೂ ದಿಗಿಲು ಹತ್ತಿತು. ಟ್ಯೂಬು ಬದಲಾಗಿದೆ ಎಂದು ವಾದ ಮಾಡಿ ಗೆದ್ದವನಿಗೆ, ಹಾಗಿದ್ದರೆ ಆ ಕೆಟ್ಟ ರಕ್ತ ಹೆಂಡತಿಯದು ಎಂಬುದು ಮನೆಗೆ ಬರುವ ದಾರಿಯಲ್ಲಿ ಹೊಳೆಯಿತು. ಮನೆ ಸೇರಿದವನೇ ತನ್ನ ಅಕ್ಕನಿಗೆ ಫೋನು ಮಾಡಿದ.

ಅಕ್ಕ ಅಂದರೆ ಕರೆಯುವುದಷ್ಟೇ ನಮ್ಮ ಕೈಯಲ್ಲಿ. ಕಳಿಸುವುದು ಯಾರ ಕೈಯಲ್ಲೂ ಇಲ್ಲ. ಒಂದು ಚೀಲ ತುಂಬ ಬೇಯಿಸಿದ ತರಕಾರಿ, ಇನ್ನೊಂದು ಚೀಲ ತುಂಬ ಎಚ್ಚರಿಕೆ ಹೊತ್ತು ಬಂದಿಳಿದಳು. ಬಂದವಳೇ ನಾದಿನಿಯನ್ನು ಮಂಚದ ಮೇಲೆ ಮಲಗಿಸಿದಳು. ಉಪ್ಪಿನ ಡಬ್ಬಿಯನ್ನು ಬೀರುವಿನೊಳಗಿಟ್ಟು ಬೀಗ ಹಾಕಿದಳು. ಮೆಟ್ಟಿಲು ಹತ್ತಬಾರದು, ಬಗ್ಗಬಾರದು, ಜೋರಾಗಿ ಸೀನಬಾರದು ಎಂದಳು. ಸುದ್ದಿ ಕೇಳಿ ನೋಡಲು ಬಂದವರು ಬಾಗಿಲಲ್ಲೇ ದನಿ ತಗ್ಗಿಸುತ್ತಿದ್ದರು. ಎದುರು ಮನೆಯಾಕೆ ಮಂಚದ ತುದಿಗೆ ಕೂತು, ತನಗೆ ಗೊತ್ತಿದ್ದ ಹೃದಯದ ಸಾವುಗಳನ್ನೆಲ್ಲ ಒಂದೊಂದಾಗಿ ನೆನೆದು, ಕೊನೆಗೆ ನೀವೇನೂ ಹೆದರಬೇಡಿ ಎಂದು ಹೇಳಿ ಹೋದಳು.

ಹೆಂಡತಿ ಮಂಚದ ಮೇಲೆ ಚಾವಣಿ ನೋಡುತ್ತಾ ಮಲಗಿದ್ದಳು. ದಿಂಬನ್ನು ಎದೆಗೆ ಅವುಚಿಕೊಂಡಿದ್ದಳು. ಅದು ವ್ಯಾನಿನ ಸೀಟಿನ ದಿಂಬು.

ತೂಕದಣ್ಣನಿಗೆ ಮಾತ್ರ ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು. ಅಡುಗೆಮನೆಗೆ ಹೋಗಿ ಯಾಕೆ ಬಂದೆನೆಂದು ಮರೆತು ವಾಪಸು ಬರುವುದು, ಬಂದು ಹೆಂಡತಿಯ ಮಣಿಕಟ್ಟು ಹಿಡಿದು ನಾಡಿ ನೋಡುವುದು. ಆ ನಾಡಿ ಅವನ ಗೂಡಿನ ಗಡಿಯಾರದ ಹಾಗೆ ನೆಟ್ಟಗೆ ಹೊಡೆಯುತ್ತಿತ್ತು. ಅವನಿಗೆ ಅದೂ ಅನುಮಾನ. ಇಷ್ಟು ಸರಿಯಾಗಿ ಹೊಡೆಯುತ್ತಿದೆ ಅಂದರೆ ಏನೋ ಮುಚ್ಚಿಡುತ್ತಿದೆ ಎಂದು ಅಕ್ಕನ ಕಿವಿಯಲ್ಲಿ ಹೇಳಿದ. ಹೇಳಿ ಮುಗಿಸುವಷ್ಟರಲ್ಲಿ ಅವನಿಗೇ ಏದುಸಿರು ಬಂತು. ಹೆಂಡತಿ ಅದನ್ನು ನೋಡಿದಳು.

“ನನ್ನ ರಕ್ತ ನಂದೇ,” ಎಂದಳು ಚಾವಣಿಗೆ. “ಅದು ಬೇರೆಯವರ ಟ್ಯೂಬಿಗೆ ಹೋಗೋ ಪೈಕಿ ಅಲ್ಲ.” ಆಮೇಲೆ ಅವನ ಕಡೆ ತಿರುಗಿ ಕೇಳಿದಳು, “ಅಲ್ಲಾ, ನೀವು ಮನೇಲೂ ಯಾಕೆ ಹಾಗೆ ಸೆಟೆದುಕೊಂಡು ಓಡಾಡ್ತೀರಿ? ಬೆನ್ನಿಗೆ ಏನಾಯ್ತು?”

ಏನಿಲ್ಲ, ಎಂದ ತೂಕದಣ್ಣ. ಮೂರು ಅಕ್ಷರಕ್ಕಿಂತ ಹೆಚ್ಚಿಗೆ ಗಾಳಿ ಇರಲಿಲ್ಲ.

ಶುಕ್ರವಾರ ಮಧ್ಯಾಹ್ನ ಕಬ್ಬಿಣದ ಸರಳು ತುಂಬಿದ ಲಾರಿಯೊಂದು ಹಲಗೆ ಹತ್ತಿತು. ಅದರ ಡ್ರೈವರು ಹಳೆಯ ಪರಿಚಯದವನು, ಎಲ್ಲರೂ ಕರೆಯುವುದು ಲಂಬು ಎಂದು. ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ, ಅಣ್ಣಾ ಒಂದು ಸಲ ಹಿಂದೆ ಬಂದು ನೋಡು, ಲೋಡು ಹಾಕಿದವರು ಎಲ್ಲ ಹಿಂದಕ್ಕೇ ಪೇರಿಸಿದ್ದಾರೆ, ಎಂದ. ತೂಕದಣ್ಣ ಅಂಕಿ ನೋಡಿದ. ನಿಯಮದೊಳಗೇ ಇತ್ತು. ಅಂಕಿ ಸರಿಯಿದ್ದ ಮೇಲೆ ನೋಡುವುದಕ್ಕೆ ಇನ್ನೇನಿದೆ? ‘ಹೋಗಿ’ ಎಂದು ಠಸ್ಸೆ ಒತ್ತಿದ. ಗೇಟು ಎದ್ದಿತು. ಲಾರಿ ಹೊರಟಿತು, ಗೇಟಿನ ಆಚೆಯ ಸಣ್ಣ ಉಬ್ಬು ಹತ್ತಿತು, ಮುಂದಿನ ಚಕ್ರಗಳು ಒಂದು ಕ್ಷಣ ನೆಲ ಬಿಟ್ಟು ಆಡಿದವು. ಆಮೇಲೆ ಇಡೀ ಬೀದಿಗೆ ಕೇಳುವ ಹಾಗೆ ಲಟ್ ಎಂದಿತು. ಹಿಂದಿನ ಅಚ್ಚು ಮುರಿದು ಲಾರಿ ಹಿಂಬದಿಯ ಮೇಲೆ ಕುಕ್ಕರಿಸಿ ಕೂತುಬಿಟ್ಟಿತು.

ಯಾರಿಗೂ ಪೆಟ್ಟಾಗಲಿಲ್ಲ. ಜನ ಸೇರಿದರು. ಮ್ಯಾನೇಜರು ಓಡಿಬಂದು, ತೂಕ ನೋಡಲಿಲ್ಲವಾ ಎಂದು ಕೂಗಾಡಿದರು. ನೋಡಿದ್ದೆ, ಸರಿಯಿತ್ತು, ಎಂದ ತೂಕದಣ್ಣ. ಲಂಬು ಇಳಿದು ಬಂದು ಮುರಿದ ಅಚ್ಚಿನ ಪಕ್ಕ ಕೂತು ಬೀಡಿ ಹಚ್ಚಿದ. ಅವನಿಗೆ ಸಿಟ್ಟೂ ಬಂದಿರಲಿಲ್ಲ.

“ಅಣ್ಣನದೇನೂ ತಪ್ಪಿಲ್ಲ ಸಾರ್. ಒಟ್ಟು ತೂಕ ಸರಿಯಾಗೇ ಇತ್ತು. ಅದು ಎಲ್ಲಿ ಕೂತಿದೆ ಅಂತ ಆ ಹಲಗೆಗೆ ಗೊತ್ತಾಗಲ್ಲ ಅಷ್ಟೇ. ಅದಕ್ಕೇ ಹಿಂದೆ ಬಂದು ನೋಡಣ್ಣ ಅಂದೆ.”

ತೂಕದಣ್ಣ ಗೂಡಿಗೆ ಬಂದು ಬಾಗಿಲು ಹಾಕಿಕೊಂಡ. ಕೂರಲಿಲ್ಲ. ಒಟ್ಟು ಸರಿಯಿತ್ತು, ಎಲ್ಲಿ ಕೂತಿದೆ ಗೊತ್ತಾಗಲ್ಲ, ಎಂದು ಬಾಯಿ ತಾನಾಗಿ ಗುನುಗುತ್ತಿತ್ತು. ಕಾಗದ ಅಂಟಿಸಿ ಗಾಜು ಮರೆಮಾಡಿದ. ಮೂಲೆಯಲ್ಲಿದ್ದ ನೀಲಿ ರಿಬ್ಬನ್ನಿನ ಉರುಳೆ ತೆಗೆದ. ಒಂದು ತುದಿಯನ್ನು ಕಾಲಡಿ ತುಳಿದು, ಇನ್ನೊಂದನ್ನು ತಲೆಗೆ ಎಳೆದು, ಕತ್ತರಿಸಿ, ಅರ್ಧಕ್ಕೆ ಮಡಚಿ ಸುತ್ತಿಕೊಂಡ. ಆಮೇಲೆ ಕಣ್ಣು ಮುಚ್ಚಿ, ಆ ವಾರವೆಲ್ಲ ಹಿಡಿದಿಟ್ಟ ಉಸಿರನ್ನು ಬಿಟ್ಟ.

ಕಣ್ಣು ಬಿಟ್ಟು ನೋಡಿದರೆ ಎರಡು ತುದಿಗಳು ಒಂದನ್ನೊಂದು ದೂರದಿಂದ ನೋಡುತ್ತಿದ್ದವು.

ರಿಬ್ಬನ್ನು ಗಿಡ್ಡವಾಗಿ ಕತ್ತರಿಸಿದೆನೇನೋ ಎಂದು ಇನ್ನೊಂದು ಕತ್ತರಿಸಿದ. ಅದೂ ಕೂಡಲಿಲ್ಲ. ಈ ಉರುಳೆಯೇ ಸರಿಯಿಲ್ಲ ಎಂದು ಗೋದಾಮಿನಿಂದ ಹೊಸ ಉರುಳೆ ತರಿಸಿದ. ಬೂಟು ಹಾಕಿಕೊಂಡು ಎತ್ತರ ಅಳೆದ. ಕೂದಲು ಕೆದರಿ ಮೇಲಕ್ಕೆತ್ತಿ ಅಳೆದ. ಕೊನೆಗೆ ತುದಿಗಾಲಲ್ಲಿ ನಿಂತೂ ಅಳೆದ. ಗೂಡಿನ ನೆಲದ ತುಂಬ ನೀಲಿ ರಿಬ್ಬನ್ನಿನ ತುಂಡುಗಳು ಬಿದ್ದವು, ಹೊರಗೆ ಲಾರಿಗಳು ಹಾರನ್ನು ಹೊಡೆದು ಹೊಡೆದು ಸೋತವು. ಅಷ್ಟೂ ರಿಬ್ಬನ್ನುಗಳು ಒಂದೇ ಮಾತು ಹೇಳಿದವು. ಟ್ಯೂಬು ಬದಲಾಗಿರಲಿಲ್ಲ. ಮಂಚದ ಮೇಲೆ ಮಲಗಬೇಕಾದವನು ನಾಡಿ ನೋಡುತ್ತಾ ಓಡಾಡುತ್ತಿದ್ದ.

ಅವನು ಆ ಸಂಜೆಯೇ ಹೋಗಿ ಹೇಳಿಬಿಡಬಹುದಿತ್ತು. ಹೇಳಬೇಕೆಂದೇ ಯಾರ್ಡಿನಲ್ಲೇ ಇದ್ದ ಡಾಕ್ಟರ ಕೋಣೆಯ ಬಾಗಿಲವರೆಗೆ ಹೋದ. ಆದರೆ ಆ ಬಾಗಿಲಿನ ಎದುರು ಗೋಡೆಗೆ ಮ್ಯಾನೇಜರು ಆಗಲೇ ಚಿತ್ರ ಅಂಟಿಸಿದ್ದರು. ಲಾರಿ ಚಕ್ರದ ಪಕ್ಕ ಎದೆ ಸೆಟೆಸಿ ನಿಂತ ತೂಕದಣ್ಣ. ಕೆಳಗೆ ದಪ್ಪ ಅಕ್ಷರದಲ್ಲಿ ‘ಇವರಂತೆ ಆಗಿ’. ಚಿತ್ರದಲ್ಲಿದ್ದವನು ಹೊರಗಿದ್ದವನನ್ನು ಗುರುತಿಲ್ಲದವನ ಹಾಗೆ ನೋಡಿದ. ಹೊರಗಿದ್ದವನು ವಾಪಸು ತಿರುಗಿದ.

ಶನಿವಾರ ಯಾರ್ಡಿನ ಅಂಗಳದಲ್ಲಿ ಕುರ್ಚಿ ಹಾಕಿದ್ದರು. ವೇದಿಕೆ ಬೇರೆ ಯಾಕೆ ಎಂದು ಮ್ಯಾನೇಜರು ಲಾರಿ ತೂಗುವ ಹಲಗೆಗೇ ಜಮಖಾನ ಹಾಸಿಬಿಟ್ಟಿದ್ದರು. ಮುಂದಿನ ಸಾಲಿನಲ್ಲಿ ಡಾಕ್ಟರು, ಹೆಡ್ ಮೇಡಂ. ಹೆಡ್ ಮೇಡಂ ಬೆರಳಿನಲ್ಲಿ ಹಳದಿ ಗೊಂಡೆ ಕಟ್ಟಿದ ಕೀಲಿ. ಅವರ ಹಿಂದೆಯೇ ಕಾಯುತ್ತಿದ್ದ ಇನ್ನೊಬ್ಬ ಡ್ರೈವರು, ತಲೆ ಬಾಚಿಕೊಂಡು, ಹೊಸ ಅಂಗಿ ತೊಟ್ಟು. ಕೊನೆಯ ಸಾಲಿನಲ್ಲಿ ಹೆಂಡತಿ. ಹೃದ್ರೋಗಿ ಹೀಗೆ ಹೊರಗೆ ಬರಬಾರದೆಂದು ಅಕ್ಕ ದಾರಿಯುದ್ದಕ್ಕೂ ಜಗಳ ಮಾಡಿ, ಕೊನೆಗೆ ಅವಳ ತಲೆಯ ಮೇಲೆ ಕೊಡೆ ಹಿಡಿದು ನಿಂತಿದ್ದಳು. ಬಿಸಿಲೂ ಇರಲಿಲ್ಲ, ಮಳೆಯೂ ಇರಲಿಲ್ಲ. ಹೆಂಡತಿ ಅವತ್ತು ದಿಂಬನ್ನು ತಂದಿರಲಿಲ್ಲ.

ಮ್ಯಾನೇಜರು ಬಹಳ ಹೊತ್ತು ಮಾತಾಡಿದರು. ಹಿಂದಿನ ದಿನ ಮುರಿದ ಲಾರಿ ಇನ್ನೂ ಗೇಟಿನ ಆಚೆ ಕುಕ್ಕರಿಸಿಕೊಂಡೇ ಇದ್ದುದರಿಂದ ಸುರಕ್ಷತೆಯ ವಿಷಯ ಬೇಗ ಮುಗಿಸಿ ಆರೋಗ್ಯಕ್ಕೆ ಬಂದರು. ಮಾತಿಗಿಂತ ಕಣ್ಣಾರೆ ನೋಡುವುದು ಮೇಲು ಎಂದು ಹೇಳಿ ತೂಕದಣ್ಣನನ್ನು ಹಲಗೆಯ ಮೇಲೆ ನಿಲ್ಲಿಸಿದರು. ನರ್ಸಮ್ಮ ರಿಬ್ಬನ್ನು ಹಿಡಿದು ಬಂದಳು.

ಅಭ್ಯಾಸ ಕೆಟ್ಟದ್ದು. ರಿಬ್ಬನ್ನು ತಾಕಿದ ಕೂಡಲೇ ಹೊಟ್ಟೆ ತಾನಾಗಿ ಬೆನ್ನಿಗೆ ಹೋಗಿ ಅಂಟಿಕೊಂಡಿತು. ತುದಿಗಳು ಕೂಡಿದವು. ಚಪ್ಪಾಳೆ ಬಿತ್ತು. ಈಗ ಅವರೇ ಎರಡು ಮಾತಾಡುತ್ತಾರೆ ಎಂದು ಮ್ಯಾನೇಜರು ಮೈಕು ಕೊಟ್ಟರು.

ತೂಕದಣ್ಣ ಬಾಯಿ ತೆರೆದ. ಮಾತಾಡಲು ಗಾಳಿ ಬೇಕು. ಗಾಳಿ ಬೀಗದೊಳಗಿದೆ. ಬೀಗ ತೆಗೆದರೆ ರಿಬ್ಬನ್ನು ನರ್ಸಮ್ಮನ ಕೈಯಲ್ಲಿ ಇನ್ನೂ ಸುತ್ತಿಯೇ ಇದೆ. ಮೈಕಿನಲ್ಲಿ ಒಂದು ಸಣ್ಣ ಕುಯ್ಯೆಂಬ ಸದ್ದು ಬಂತು. ಜನ ಅದನ್ನು ಪೀಠಿಕೆ ಎಂದುಕೊಂಡು ಕಾದರು. ಅವನ ಮುಖ ಕೆಂಪಾಯಿತು, ಆಮೇಲೆ ಬೇರೆ ಏನೋ ಬಣ್ಣವಾಯಿತು. ಹೆಡ್ ಮೇಡಂ ಗಡಿಯಾರ ನೋಡಿಕೊಂಡರು. ಡಾಕ್ಟರ ಕಡೆ ಬಾಗಿ ಏನೋ ಕೇಳಿದರು. ಡಾಕ್ಟರು ಹುಡುಗ ಇಲ್ಲವೆಂದು ತಲೆಯಾಡಿಸಿದ. ಹೆಡ್ ಮೇಡಂ ನಿಟ್ಟುಸಿರು ಬಿಟ್ಟು, ಹಿಂದೆ ತಿರುಗಿ, ಹಳದಿ ಗೊಂಡೆಯ ಕೀಲಿಯನ್ನು ಆ ಡ್ರೈವರನ ಕಡೆ ಚಾಚಿದರು. ಕೊನೆಯ ಸಾಲಿನಲ್ಲಿ ಹೆಂಡತಿ ಕುರ್ಚಿಯಿಂದ ಎದ್ದು ಗೇಟಿನ ಕಡೆ ಮುಖ ಮಾಡಿದಳು.

ನರ್ಸಮ್ಮ ಅವನಿಗಷ್ಟೇ ಕೇಳುವ ಹಾಗೆ ಹೇಳಿದಳು, “ಈಗಲಾದ್ರೂ ಉಸಿರು ಬಿಡಿ.”

ತೂಕದಣ್ಣ ಬಿಟ್ಟ.

ಮೈಕು ಬಾಯಿಯ ಹತ್ತಿರವೇ ಇದ್ದುದರಿಂದ ಅದು ಲಾರಿಯ ಚಕ್ರದ ಗಾಳಿ ತೆಗೆದ ಹಾಗೆ ಇಡೀ ಅಂಗಳಕ್ಕೆ ಕೇಳಿಸಿತು. ಹೊಟ್ಟೆ ಮನೆಗೆ ಬಂದ ಯಜಮಾನನ ಹಾಗೆ ತನ್ನ ಜಾಗದಲ್ಲಿ ಆರಾಮವಾಗಿ ಕೂತಿತು. ದೊಗಳೆ ಅಂಗಿ ತುಂಬಿತು. ನರ್ಸಮ್ಮನ ಎಡಗೈ ಎಡಕ್ಕೆ ಹೋಯಿತು, ಬಲಗೈ ಬಲಕ್ಕೆ ಹೋಯಿತು, ಎರಡು ನೀಲಿ ತುದಿಗಳ ನಡುವೆ ಎಲ್ಲರಿಗೂ ಕಾಣುವಷ್ಟು ಅಂಗಿ ಕಂಡಿತು.

“ಮೇಡಂ, ಕೀಲಿ ಕೊಡಬೇಡಿ,” ಎಂದ ತೂಕದಣ್ಣ. ಈಗ ಗಾಳಿಗೆ ಕೊರತೆಯಿರಲಿಲ್ಲ. “ಟ್ಯೂಬು ಬದಲಾಗಿಲ್ಲ. ಆ ಕೆಟ್ಟ ರಕ್ತ ನಂದು. ಅವಳದು ಸರಿಯಿದೆ. ನಾನು ಉಸಿರು ಹಿಡಿದಿದ್ದೆ. ಅವತ್ತಿಂದಾನೂ.”

ಹಿಂದಿನಿಂದ ಲಂಬು, ಅಣ್ಣಾ ಅಚ್ಚು ಜೋಪಾನ, ಎಂದ. ಅಲ್ಲಿಗೆ ಕಟ್ಟೆ ಒಡೆಯಿತು. ಮೇಸ್ತ್ರಿ ನಕ್ಕ, ಅಂಗಡಿ ಗುಮಾಸ್ತ ನಕ್ಕು ನಕ್ಕು ಕುರ್ಚಿಯಿಂದ ಜಾರಿದ. ಮ್ಯಾನೇಜರು ಗೋಡೆಯ ಚಿತ್ರವನ್ನೂ ಹಲಗೆಯ ಮೇಲಿನ ಮನುಷ್ಯನನ್ನೂ ಮೂರು ಸಲ ನೋಡಿ ತಲೆಯ ಮೇಲೆ ಕೈಯಿಟ್ಟುಕೊಂಡರು. ಅಕ್ಕ ಕೊಡೆಯನ್ನು ನಾದಿನಿಯ ತಲೆಯಿಂದ ತೆಗೆದು, ಜನರನ್ನು ಸರಿಸಿಕೊಂಡು ಬಂದು ತಮ್ಮನ ತಲೆಯ ಮೇಲೆ ಹಿಡಿದಳು. ಡಾಕ್ಟರು ಹುಡುಗ ನಗಲಿಲ್ಲ. ಮುಖ ಸಣ್ಣ ಮಾಡಿಕೊಂಡು ಹೆಂಡತಿಯ ಹತ್ತಿರ ಹೋಗಿ, ನಾನು ನನ್ನ ಮಾತನ್ನೇ ನಂಬಬೇಕಿತ್ತು ಅಮ್ಮಾ, ಎಂದು ಹೇಳಿ, ಅಲ್ಲೇ ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು ಸಹಿ ಹಾಕಿದ.

ಕೀಲಿ ತೆಗೆದುಕೊಂಡ ಮೇಲೆ ಅವಳು ನೇರವಾಗಿ ಹಲಗೆಯ ಹತ್ತಿರ ಬಂದಳು. ಎಲ್ಲರೂ ಈಗ ಬೈಗುಳ ಬೀಳುತ್ತದೆ ಎಂದು ಕಿವಿ ನಿಮಿರಿಸಿದರು. ತೂಕದಣ್ಣನೂ ತಲೆ ತಗ್ಗಿಸಿ ಕಾದ. ಅವಳು ಬೈಯಲಿಲ್ಲ. ನರ್ಸಮ್ಮ ಹಿಡಿದಿದ್ದ ಎರಡು ತುದಿಗಳ ನಡುವೆ ತನ್ನ ಅಂಗೈಯನ್ನು ಅಡ್ಡಲಾಗಿ ಇಟ್ಟಳು. ಅಂಗೈ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸರಿಯಾಗಿ ಕೂತಿತು. ಅದರ ಕೆಳಗೆ ಹೊಟ್ಟೆ ಏರಿ ಇಳಿಯುತ್ತಿತ್ತು.

“ನನ್ನ ಕೈಯಷ್ಟು ಅಗಲ,” ಎಂದಳು. “ಇಷ್ಟೇ ತಾನೆ. ಇಳಿಸೋಣ. ಆದ್ರೆ ಇನ್ನೊಂದು ಸಲ ನನ್ನ ತಟ್ಟೆ ನೋಡಿ ಗೇಟು ದಾಟಲ್ಲ ಅಂದ್ರೆ, ಉಪ್ಪಿನ ಡಬ್ಬಿ ಜೊತೆ ನಿಮ್ಮನ್ನೂ ಬೀರುವಿನಲ್ಲಿಟ್ಟು ಬೀಗ ಹಾಕ್ತೀನಿ.”

ಮ್ಯಾನೇಜರಿಗೆ ಅಚ್ಚು ಹಾಕಿಸಿದ ಅಷ್ಟೂ ಚಿತ್ರಗಳನ್ನು ಎಸೆಯಲು ಮನಸ್ಸು ಬರಲಿಲ್ಲ. ‘ಇವರಂತೆ ಆಗಿ’ ಎಂಬುದರ ಮೇಲೆ ಬೇರೆ ಕಾಗದ ಅಂಟಿಸಿ, ‘ಅಳೆಸಿಕೊಳ್ಳುವಾಗ ಇವರಂತೆ ಉಸಿರು ಹಿಡಿಯಬೇಡಿ’ ಎಂದು ಬರೆಸಿದರು. ಅದು ಮೊದಲಿನದಕ್ಕಿಂತ ಹೆಚ್ಚು ಜನಪ್ರಿಯವಾಯಿತು.

ಸೋಮವಾರ ಬೆಳಿಗ್ಗೆ ಹಳದಿ ವ್ಯಾನು ಮನೆಯ ಮುಂದೆ ಬಂದು ನಿಂತಿತು. ಸ್ಟಿಯರಿಂಗಿನ ಹಿಂದೆ, ತಾನು ಹೊಲಿದ ದಿಂಬಿನ ಮೇಲೆ, ಆ ಸೀಟು ಅವಳ ಅಳತೆಗೇ ಮಾಡಿದ್ದೇನೋ ಅನ್ನುವ ಹಾಗೆ ಹೆಂಡತಿ ತುಂಬಿ ಕೂತಿದ್ದಳು. ಹಿಂದಿನ ಸೀಟುಗಳಿನ್ನೂ ಖಾಲಿಯಿದ್ದವು. ಅಕ್ಕ ಕಟ್ಟಿಕೊಟ್ಟ ಬೇಯಿಸಿದ ತರಕಾರಿಯ ಡಬ್ಬಿ ಹಿಡಿದು ತೂಕದಣ್ಣ ಬಾಗಿಲಿಗೆ ಬಂದ. ಶಾಲೆಯ ದಾರಿಯಲ್ಲೇ ತಾನೆ ಯಾರ್ಡು ಇರುವುದು. ಅವನು ಸಹಜವಾಗಿ ವ್ಯಾನಿನ ಬಾಗಿಲ ಹಿಡಿಗೆ ಕೈ ಹಾಕಿದ.

ಒಳಗಿನಿಂದ ಬೀಗ ಬಿತ್ತು. ಕಿಟಕಿ ಸ್ವಲ್ಪ ಕೆಳಗಿಳಿಯಿತು.

“ಡಾಕ್ಟ್ರು ಏನಂದ್ರು?”

ನಡೀಬೇಕು ಅಂದ್ರು, ಎಂದ ತೂಕದಣ್ಣ.

“ಹಾಗಿದ್ರೆ ನಡೀರಿ.”

ವ್ಯಾನು ಹೊರಟಿತು. ತೂಕದಣ್ಣ ಡಬ್ಬಿಯನ್ನು ಕಂಕುಳಿಗೆ ಸೇರಿಸಿ ನಡೆಯತೊಡಗಿದ. ಒಂದು ಸಲ ಅಭ್ಯಾಸಬಲದಿಂದ ಬೆನ್ನು ಸೆಟೆಸಲು ಹೋಗಿ, ನೆನಪಾಗಿ, ಬಿಟ್ಟುಬಿಟ್ಟ. ತಿರುವಿನಲ್ಲಿ ವ್ಯಾನು ನಿಧಾನವಾಗಿ, ಕನ್ನಡಿಯಲ್ಲಿ ಅವನು ಬರುತ್ತಿರುವುದು ಕಾಣುವವರೆಗೆ ನಿಂತಿತು. ಮೊದಲು ಕಂಡದ್ದು ಹೊಟ್ಟೆ. ಅದರ ಹಿಂದೆಯೇ, ದೊಡ್ಡ ಉಸಿರು ಬಿಡುತ್ತಾ, ಅವನೂ ಬಂದ. ವ್ಯಾನು ಒಂದು ಸಲ ಹಾರನ್ನು ಹೊಡೆದು ಮುಂದೆ ಹೋಯಿತು.